ಅರಗು ಹಚ್ಚಿದ ಓಟು

ದೇವದುರ್ಗ ವಿಧಾನಸಭಾ ಕ್ಷೇತ್ರದ ಹಳೆಯ ಚುನಾವಣೆಗಳ ಬಗ್ಗೆ ಏನಾದರೂ ಬರೆದುಕೊಡಿ ಎಂದು ಚುನಾವಣಾ ಶಾಖೆಗೆ ಹೊಸದಾಗಿ ಸೇರಿದವರು ಕೇಳಿದರು. ಯಾವ ಸಲ ಯಾರು ಗೆದ್ದರು, ಯಾರು ಪಕ್ಷ ಬಿಟ್ಟರು, ಯಾರ ಠೇವಣಿ ಹೋಯಿತು ಎಂಬುದೆಲ್ಲ ಅಚ್ಚಾದ ಪುಸ್ತಕಗಳಲ್ಲಿದೆ. ಅದನ್ನೇ ಮತ್ತೆ ಬರೆದರೆ ನಿಮಗೂ ಬೇಸರ, ನನಗೂ ಬೇಸರ. ಗೆದ್ದವರ ಪೈಕಿ ಅರ್ಧ ಜನರ ಮುಖ ಕೂಡ ನನಗೆ ಈಗ ನೆನಪಿಲ್ಲ. ನೆನಪಿರುವುದು ಪಟ್ಟಿಗಳು, ಕಾರ್ಬನ್ ಹಾಳೆಯ ನೀಲಿ ಹತ್ತಿದ ಬೆರಳುಗಳು, ಗಬ್ಬೂರಿನ ಬಸ್ಸಿನ ಕಿಟಕಿಯಿಂದ ಮುಖಕ್ಕೆ ಬಡಿಯುತ್ತಿದ್ದ ಬಿಸಿಗಾಳಿ, ಮತ್ತು ಒಬ್ಬ ಮುದುಕಿ. ಆಕೆಯ ಒಂದು ಓಟನ್ನು ನಾನು ಕಳೆದೆ. ಅದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವೆ ನಾನು ದೇವದುರ್ಗ ತಹಸೀಲು ಕಚೇರಿಗೆ ಗುಮಾಸ್ತನಾಗಿ ಬಂದೆ. ರಾಯಚೂರಿನಲ್ಲಿ ಹುಟ್ಟಿ ಬೆಳೆದವನು. ಅಕ್ಕಿ ಗಿರಣಿಯ ಸದ್ದು, ರೈಲಿನ ಸೀಟಿ ಕೇಳದೆ ನಿದ್ದೆ ಬಾರದವನು. ಹಳ್ಳಿ ಎಂದರೆ ನನಗೆ ಬಸ್ಸು ಬದಲಿಸುವ ಜಾಗ ಅಷ್ಟೆ. ಅಂಥವನನ್ನು ಹಿಡಿದು ಕೆಲಸ ಕಲಿಸಿದವರು ಶಿರಸ್ತೇದಾರ ಮಹಬೂಬ ಸಾಹೇಬರು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಾಗದಪತ್ರ ಬರೆಯುತ್ತ ನೌಕರಿ ಶುರುಮಾಡಿ, ಆಮೇಲೆ ಕನ್ನಡ ಅಕ್ಷರ ಕಲಿತವರು. ಅವರ ಕನ್ನಡ ಅಕ್ಷರ ನಮ್ಮೆಲ್ಲರಿಗಿಂತ ದುಂಡಗಿತ್ತು. ಬೈದರೆ ಮೈಮೇಲಿನ ಬಟ್ಟೆ ಬಿಚ್ಚಿದ ಹಾಗೆ ಬೈಯುತ್ತಿದ್ದರು, ಐದು ನಿಮಿಷಕ್ಕೆ ಚಹಾ ತರಿಸುತ್ತಿದ್ದರು.

ಮತದಾರರ ಪಟ್ಟಿಯ ಪರಿಷ್ಕರಣೆ ಬಂದರೆ ಸಾಹೇಬರಿಗೆ ತಮ್ಮದೇ ಒಂದು ಪದ್ಧತಿ. ಸರಕಾರಿ ಸುತ್ತೋಲೆ ಹೇಳುವುದು ಕರಡು ಪಟ್ಟಿಯನ್ನು ಚಾವಡಿ ಗೋಡೆಗೆ ಅಂಟಿಸಿ ಎಂದು. ಇವರು ಅಂಟಿಸುವುದರ ಜೊತೆಗೆ ಓದಿಸುತ್ತಿದ್ದರು. ಚಾವಡಿ ಕಟ್ಟೆಯ ಮೇಲೆ ನಿಂತು ಮೊದಲ ಹೆಸರಿನಿಂದ ಕೊನೆಯ ಹೆಸರಿನ ತನಕ ಗಟ್ಟಿಯಾಗಿ ಓದಬೇಕು. ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು. ತಮ್ಮ ಹೆಸರು ಕೇಳಿದವರು ಕೂತಲ್ಲಿಂದಲೇ "ಅದೀನ್ರಿ", ಅಂದರೆ ಇದ್ದೇನೆ, ಎಂದು ಕೂಗುತ್ತಿದ್ದರು.

"ನೋಡು ಬಸವರಾಜ, ಈ ಊರಾಗ ಓದಾಕ ಬರಾವ್ರು ಎಷ್ಟ್ ಮಂದಿ? ಗ್ವಾಡಿಗೆ ಹಚ್ಚಿದ್ದು ಆಡು ತಿಂತಾವ. ಕಿವಿ ಎಲ್ಲಾರಿಗೂ ಅದಾವ. ಬಾಯ್ಲಿಂದ ಓದು" ಅನ್ನುತ್ತಿದ್ದರು.

ಮೊದಮೊದಲು ನನಗೆ ಇದು ದಂಡದ ಕೆಲಸ ಅನ್ನಿಸುತ್ತಿತ್ತು. ಆದರೆ ಓದಲು ನಿಂತರೆ ನೂರೆಂಟು ಸಂಗತಿ ಹೊರಗೆ ಬರುತ್ತಿದ್ದವು. ಒಂದು ಊರಲ್ಲಿ ನಾನು ಒಬ್ಬರ ಹೆಸರು ಓದಿದಾಗ ಮಗ ಎದ್ದು ನಿಂತು, "ನಮ್ಮಪ್ಪ ತೀರಿಕೊಂಡಾನ್ರಿ. ಆದ್ರ ಇನ್ನೊಂದ್ ವರ್ಷ ಹೆಸರಿರ್ಲಿ, ನಮ್ಮವ್ವಗ ಸಮಾಧಾನ ಆಕ್ಕತಿ" ಅಂದ. ಸಾಹೇಬರು ಕೆಂಪು ಪೆನ್ಸಿಲು ಎತ್ತಿದರು. ಹೆಸರು ಹೊಡೆದುಹಾಕಿದರು, ಆದರೆ ಎದ್ದುಹೋಗಿ ಆ ಹುಡುಗನ ಭುಜ ಹಿಡಿದು ನಿಂತರು. ಇನ್ನೊಂದು ಊರಲ್ಲಿ ಗಂಡನ ಹೆಸರು ಹೇಳಲೊಲ್ಲದ ಹೆಣ್ಣುಮಗಳೊಬ್ಬಳು, ನಾನು ಪಟ್ಟಿಯಲ್ಲಿ ತಪ್ಪು ಹೆಸರು ಓದಿದ ಕೂಡಲೇ ಸೆರಗಿನ ಮರೆಯಿಂದ, "ಅಯ್ಯ, ಆಂವ ನಮ್ ಮೈದುನ!" ಎಂದು ಕೂಗಿದಳು. ಇಡೀ ಚಾವಡಿ ನಕ್ಕಿತು. ಕ್ಷೇತ್ರದ ಗಡಿ ಬದಲಾಗಿ ಕೆಲವು ಹಳ್ಳಿಗಳು ಆಚೀಚೆ ಆದಾಗ, "ನಾವೀಗ ದೇವದುರ್ಗದವ್ರೋ ಮಾನ್ವಿಯವ್ರೋ?" ಎಂದು ಜಗಳಕ್ಕೇ ಬಂದಿದ್ದರು. ಅವರಿಗೆ ಗಡಿಯ ನಕಾಶೆ ನೆಲದ ಮೇಲೆ ಸುಣ್ಣದಿಂದ ಬರೆದು ತೋರಿಸಿದ್ದೂ ಸಾಹೇಬರೇ. ಆ ಚಾವಡಿಗಳು ಈಗ ಎಷ್ಟು ನೆನಪಾಗುತ್ತವೆ ಎಂದರೆ, ಮಧ್ಯಾಹ್ನ ಕಣ್ಣುಮುಚ್ಚಿದರೆ ನನ್ನದೇ ಧ್ವನಿ ನನಗೆ ಕೇಳುತ್ತದೆ.

ಈಗ ತಪ್ಪಿನ ಕಥೆ. ಗಬ್ಬೂರಿನ ಆಚೆ ಕುರುಬರೇ ಹೆಚ್ಚಾಗಿದ್ದ ಒಂದು ಸಣ್ಣ ಊರು. ಆ ಊರಿನ ಪಟ್ಟಿ ತಿದ್ದುವ ಕೆಲಸ ನನಗೆ ಬಂತು. ಹಿಂದಿನ ಸಂಜೆ ಕಚೇರಿಯಲ್ಲೇ ಕುಳಿತು ನೋಡುವಾಗ ಒಂದೇ ಮನೆಯಲ್ಲಿ ಒಂದೇ ಹೆಸರು ಎರಡು ಸಲ ಕಂಡಿತು. ಮಾಳಮ್ಮ, ಗಂಡ ಬೀರಪ್ಪ, ವಯಸ್ಸು ಇಪ್ಪತ್ತಾರು. ಕೆಳಗೆ ಮತ್ತೆ ಮಾಳಮ್ಮ, ಗಂಡ ಬೀರಪ್ಪ, ವಯಸ್ಸು ಅರವತ್ತೆರಡು. ಮನೆಮನೆ ಎಣಿಕೆಗೆ ಹೋದ ಮಾಸ್ತರು ಒಬ್ಬಳನ್ನೇ ಎರಡು ಸಲ ಬರೆದು, ಒಂದು ಕಡೆ ಅಂಕಿ ತಿರುವಿ ಹಾಕಿದ್ದಾರೆ ಎಂದು ನನ್ನ ಜಾಣ ತಲೆಗೆ ಹೊಳೆಯಿತು. ಅಂಥ ತಪ್ಪು ಹಿಡಿಯುವುದರಲ್ಲಿ ನನಗೆ ಆಗ ಬಹಳ ಹಮ್ಮು.

ಮರುದಿನ ಊರಿಗೆ ಹೋದೆ. ಆ ಮನೆಗೆ ಬೀಗ. ಸುಗ್ಗಿಯಾದ ಮೇಲೆ ಕುರಿ ಹೊಡೆದುಕೊಂಡು ಮಾನ್ವಿ ಕಡೆಯ ಕಾಲುವೆ ನೀರಿನ ಹೊಲಗಳಿಗೆ ಹೋದವರು ಮುಂಗಾರಿನ ತನಕ ತಿರುಗಿ ಬರುವುದಿಲ್ಲ. ಎದುರು ಮನೆಯ ಹೆಣ್ಣುಮಗಳು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು.

"ಈ ಮನ್ಯಾಗ ಮಾಳವ್ವ ಅಂಬಾಕಿ ಎಷ್ಟ್ ವಯಸ್ಸಿನಾಕಿ?" ಎಂದು ಕೇಳಿದೆ.

"ಮುದುಕಿ ಅದಾಳ್ರಿ."

"ಇನ್ನೊಬ್ಬಾಕಿ ಮಾಳವ್ವ ಇಲ್ಲೇನು?"

"ಇಲ್ರಿ. ಮಾಳವ್ವ ಅಂದ್ರ ಮುದುಕಿ ಒಬ್ಬಾಕೀನ."

ಸಾಕಾಯಿತು. ಇಪ್ಪತ್ತಾರರ ಮೇಲೆ ಕೆಂಪು ಗೆರೆ ಎಳೆದೆ. ಚಾವಡಿಯಲ್ಲಿ ಓದುವುದೊಂದು ಬಾಕಿ ಇತ್ತು. ಅರ್ಧ ಊರು ಕುರಿ ಹಿಂದೆ ಹೋಗಿದೆ, ಬಿಸಿಲು ನೆತ್ತಿ ಸುಡುತ್ತಿದೆ, ಗಬ್ಬೂರಿನಿಂದ ಹೊರಡುವ ಬಸ್ಸು ತಪ್ಪಿದರೆ ಸಂಜೆಯ ತನಕ ಗತಿಯಿಲ್ಲ. ಪಟ್ಟಿಯನ್ನು ಗೋಡೆಗೆ ಅಂಟಿಸಿ ಬಸ್ಸು ಹಿಡಿದೆ. ಸಾಹೇಬರು ಕೇಳಿದಾಗ ಓದಿದೆ ಅಂದೆ. ಇಡೀ ನೌಕರಿಯಲ್ಲಿ ಅವರಿಗೆ ನಾನು ಹೇಳಿದ ಸುಳ್ಳು ಅದೊಂದೇ.

ಆ ಸಲದ ಚುನಾವಣೆಗೆ ಸಿಬ್ಬಂದಿ ಸಾಲದೆ ನನ್ನನ್ನೂ ಮತಗಟ್ಟೆಗೆ ಹಾಕಿದರು. ಬಿದ್ದದ್ದು ಅದೇ ಊರು, ಅದೇ ಊರಿನ ಶಾಲೆ. ಮತಗಟ್ಟೆ ಅಧಿಕಾರಿ ಮಾನ್ವಿ ಕಡೆಯ ಒಬ್ಬ ಹೆಡ್ ಮಾಸ್ತರು. ಪಟ್ಟಿ ಹಿಡಿದು ಹೆಸರು ಗುರುತು ಹಾಕುವ ಕೆಲಸ ನನ್ನದು. ಬೆಳಿಗ್ಗೆ ಜನವೋ ಜನ. ತಲೆಯ ಮೇಲೆ ಸೆರಗು ಎಳೆದುಕೊಂಡ ಹೆಣ್ಣುಮಗಳೊಬ್ಬಳು ಬಂದಳು. ಪಕ್ಷಗಳ ಏಜೆಂಟರು "ಮಾಳಮ್ಮ ಗಂಡ ಬೀರಪ್ಪ" ಎಂದರು. ಹೆಸರು ಇತ್ತು, ಮನೆ ನಂಬರು ಇತ್ತು, ಗುರುತು ಹಾಕಿದೆ. ತಲೆ ಎತ್ತಿ ನೋಡಲಿಲ್ಲ. ಅರವತ್ತೆರಡು ಎಂದು ಬರೆದಲ್ಲಿ ಇಪ್ಪತ್ತಾರರ ಹುಡುಗಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೋದಳು.

ಮಧ್ಯಾಹ್ನ ಸಾಲು ತೆಳುವಾದ ಮೇಲೆ ಒಬ್ಬ ಮುದುಕಿ ಬಂದಳು. ಕಂಬಳಿಯ ಗಂಟು ಹೆಗಲ ಮೇಲೆ, ಮೊಣಕಾಲಿನ ತನಕ ಧೂಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಗುಡಿಗೆ ಬಂದ ಹಾಗೆ ಹೊಸ್ತಿಲು ಮುಟ್ಟಿ ಒಳಗೆ ಬಂದಳು.

"ಮಾಳವ್ವ ಅಂತ ನೋಡಪಾ, ಬೀರಪ್ಪನ ಮನಿ."

ಏಜೆಂಟರೊಬ್ಬರು ಎದ್ದರು. "ಮಾಳವ್ವಂದು ಮುಂಜಾನಿನೇ ಆಗ್ಯಾದ್ರಿ."

"ಹ್ಯಾಂಗ ಆಕ್ಕತಿ? ನಾ ಈಗ ಬರಾಕತ್ತೀನಿ. ಮಾನ್ವಿ ಕಡಿ ಬಾಗಲವಾಡದ ಹೊಲದಾಗ ಕುರಿ ಬಿಟ್ಟು, ನಸುಕಿನ್ಯಾಗ ಎದ್ದು ಬಂದೀನಿ."

ಹೆಡ್ ಮಾಸ್ತರು ಆಕೆಯ ಬೆರಳು ನೋಡಿದರು. ಶಾಯಿ ಇಲ್ಲ. ನಾನು ಪಟ್ಟಿ ನೋಡಿದೆ. ಕೆಂಪು ಗೆರೆ ಎಳೆದ ಕೈ ನನ್ನದು, ಗುರುತು ಹಾಕಿದ ಕೈಯೂ ನನ್ನದು. ಕೇಳುತ್ತ ಹೋದ ಹಾಗೆ ಒಂದೊಂದೇ ತಿಳಿಯಿತು. ಮುದುಕಿಯ ಗಂಡ ಬೀರಪ್ಪ ತೀರಿಕೊಂಡ ಮೇಲೆ ಮಗನ ಮಗನಿಗೆ ಅವನ ಹೆಸರಿಟ್ಟರು. ಮುದುಕಿಯ ಮಗಳು ತನ್ನ ಮಗಳಿಗೆ ತಾಯಿಯ ಹೆಸರಿಟ್ಟಳು. ದೊಡ್ಡವರಾದ ಮೇಲೆ ಆ ಮೊಮ್ಮಗನಿಗೆ ಆ ಮೊಮ್ಮಗಳನ್ನೇ ತಂದುಕೊಂಡರು. ಮನೆಯಲ್ಲಿ ಮತ್ತೆ ಮಾಳಮ್ಮ ಗಂಡ ಬೀರಪ್ಪ. ಆದರೆ ಅತ್ತೆಯ ಹೆಸರನ್ನು ಸೊಸೆಯಂದಿರು ಬಾಯಿಂದ ಆಡುವ ಹಾಗಿಲ್ಲ, ಹಾಗಾಗಿ ಸಣ್ಣಾಕೆಯನ್ನು ಊರೆಲ್ಲ ತಂಗೆವ್ವ ಎಂದೇ ಕರೆಯುತ್ತಿತ್ತು. ಹಿಂದಿನ ದಿನವೇ ಊರಿಗೆ ಬಂದು, ಮುಂಜಾನೆ ಓಟು ಹಾಕಿ ಹೋದವಳು ಆಕೆಯೇ. ಎದುರು ಮನೆಯಾಕೆ ನನಗೆ ಸುಳ್ಳು ಹೇಳಿರಲಿಲ್ಲ. ನಾನು ಚಾವಡಿಯಲ್ಲಿ ನಿಂತು ಓದಿದ್ದರೆ ಯಾರಾದರೂ ಒಬ್ಬರು, ಆಕಿ ತಂಗೆವ್ವ ಅದಾಳ್ರಿ ಎಂದು ಕೂಗುತ್ತಿದ್ದರು.

ಇಂಥ ಹೊತ್ತಿಗೆ ಕಾಯಿದೆಯಲ್ಲಿ ಒಂದು ದಾರಿ ಇದೆ. ಒಬ್ಬರ ಹೆಸರಿನಲ್ಲಿ ಆಗಲೇ ಓಟು ಬಿದ್ದಿದ್ದರೆ, ಬಂದವರೇ ನಿಜವಾದವರು ಎಂದು ಅಧಿಕಾರಿಗೆ ಖಾತ್ರಿಯಾದರೆ, ಅವರಿಗೆ ಬೇರೆ ಚೀಟಿ ಕೊಡಬೇಕು. ಆದರೆ ಅದನ್ನು ಪೆಟ್ಟಿಗೆಗೆ ಹಾಕುವಂತಿಲ್ಲ. ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಒತ್ತಿ ಕಳಿಸಬೇಕು. ಎಣಿಕೆಗೆ ಅದು ಬರುವುದಿಲ್ಲ. ತಕರಾರು ಕೋರ್ಟಿಗೆ ಹೋಗಿ ಕೋರ್ಟು ಕೇಳಿದರೆ ಮಾತ್ರ ಬಿಚ್ಚುತ್ತಾರೆ, ಇಲ್ಲವಾದರೆ ಅವಧಿ ಮುಗಿದ ಮೇಲೆ ಸುಡುತ್ತಾರೆ.

ಮುದುಕಿ ಮರೆಗೆ ಹೋಗಿ ಮೊಹರು ಒತ್ತಿ, ಚೀಟಿ ಮಡಚಿ ತಂದಳು. ಹೆಡ್ ಮಾಸ್ತರು ಅದನ್ನು ಲಕೋಟೆಯಲ್ಲಿಟ್ಟುಕೊಂಡರು. ಆಕೆ ನನ್ನ ಕಡೆ ಬಾಗಿದಳು.

"ಎಲ್ಲಾರದೂ ಪೆಟಗ್ಯಾಗ ಹಾಕ್ಯಾರ. ನಂದ್ಯಾಕ ಇಲ್ಲಿಟ್ರಿ? ಇದು ಎಣಿಕಿಗೆ ಬರ್ತದಿಲ್ಲಪಾ?"

ಆ ಧೂಳಿನ ಕಾಲು ನೋಡಿದೆ. "ಬರ್ತದ ಯವ್ವಾ. ಇದು ಬ್ಯಾರೆ ತರದ್ದು. ಅರಗು ಹಚ್ಚಿ ದೊಡ್ ಸಾಹೇಬ್ರ ಕಡಿ ಕಳಸ್ತೀವಿ" ಅಂದೆ.

ಮುದುಕಿಯ ಮುಖ ಅರಳಿತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಯಾರಿಗೋ, "ನಂದು ಅರಗು ಹಚ್ಚಿ ಕಳಸ್ತಾರಂತ" ಎಂದು ಹೇಳಿದ್ದು ಕೇಳಿಸಿತು.

ಮತಪೆಟ್ಟಿಗೆಗಳು ರಾಯಚೂರಿಗೆ ಹೋದವು. ಎಣಿಕೆಯ ದಿನ ನನ್ನನ್ನು ಅಲ್ಲಿಗೂ ಹಾಕಿದ್ದರು. ದೊಡ್ಡ ಹಾಲಿನಲ್ಲಿ ಚೀಟಿಗಳನ್ನು ಸುರಿದು, ಬಿಡಿಸಿ, ಗುರುತಿನ ಪ್ರಕಾರ ಕಟ್ಟು ಕಟ್ಟುವ ಗದ್ದಲ. ಹೊರಗೆ ಗುಲಾಲು, ತಮಟೆ. ನನ್ನ ಕಣ್ಣು ಮಾತ್ರ ಬದಿಯ ಮೇಜಿನ ಮೇಲಿದ್ದ ಲಕೋಟೆಗಳ ಕಡೆ. ಒಂದು ಹೊತ್ತು, ಯಾರಾದರೂ ಕೋರ್ಟಿಗೆ ಹೋಗಲಿ, ಫಲಿತಾಂಶವೇ ತಲೆಕೆಳಗಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಸರಕಾರಿ ನೌಕರ ಬೇಡಿಕೊಳ್ಳುವ ಮಾತಲ್ಲ ಅದು. ಯಾರೂ ಹೋಗಲಿಲ್ಲ.

ಸಾಹೇಬರಿಗೆ ಎಲ್ಲ ಹೇಳಿದೆ, ಓದಲಿಲ್ಲ ಎಂಬುದನ್ನೂ. ಬೈಗುಳಕ್ಕೆ ಕಾದು ನಿಂತೆ. ಅವರು ಕನ್ನಡಕ ತೆಗೆದು ಒರೆಸಿದರು.

"ಬಸ್ ಸಿಕ್ಕಿತೇನ ಅವತ್ತು?" ಎಂದು ಕೇಳಿದರು.

"ಸಿಕ್ಕಿತ್ರಿ."

"ಅಚ್ಛಾ" ಎಂದರು. ಆ ಒಂದು ಮಾತಿಗಿಂತ ಹೊಡೆದಿದ್ದರೆ ವಾಸಿಯಿತ್ತು. ಆಮೇಲೆ ಹೆಸರು ಸೇರಿಸುವ ಅರ್ಜಿ ಫಾರಂ ಕೈಗೆ ಕೊಟ್ಟು, "ಆ ಹುಡುಗಿ ಹೆಸರು ಹೊಡದಿ. ಹೋಗು, ಎಲ್ಲಿದ್ರೂ ಹುಡುಕಿ ಹೆಬ್ಬಟ್ ತೊಗೊಂಡ್ ಬಾ. ಮುದುಕಿಗೂ ಖರೇ ಹೇಳಿ ಬಾ" ಅಂದರು.

ಬಾಗಲವಾಡದ ಹತ್ತಿರ ಕೊಯ್ಲಾದ ಭತ್ತದ ಗದ್ದೆಯಲ್ಲಿ ಕುರಿ ನಿಂತಿದ್ದವು. ಗೊಬ್ಬರಕ್ಕಾಗಿ ಹೊಲದವರು ಕರೆಸಿಕೊಂಡಿದ್ದರು. ತಂಗೆವ್ವ ಕೂಸಿಗೆ ಹಾಲೂಡಿಸುತ್ತ ಕುಳಿತಿದ್ದಳು. ಹೆಬ್ಬೆಟ್ಟು ಒತ್ತಿಸಿಕೊಂಡೆ. ಅಷ್ಟರಲ್ಲಿ ಮುದುಕಿ ಬಂದಳು. ನನ್ನನ್ನು ಕಂಡದ್ದೇ ಸುತ್ತಲಿನ ಕುರಿಗಾರರನ್ನೆಲ್ಲ ಕೂಗಿದಳು.

"ಬರ್ರಿ, ಬರ್ರಿ! ನನ್ ಓಟಿಗೆ ಅರಗು ಹಚ್ಚಿದಾಂವ ಇವನ!"

ಕಂಬಳಿ ಹಾಸಿ ಕೂರಿಸಿದಳು. ಜೋಳದ ರೊಟ್ಟಿ, ಖಾರದ ಹಿಂಡಿ, ಬಿಸಿ ಹಾಲು. ಊರವರೆಲ್ಲರ ಓಟು ಒಟ್ಟಿಗೆ ಹೋಯಿತಂತೆ, ತನ್ನದೊಂದೇ ಬೇರೆಯಾಗಿ ಹೋಯಿತಂತೆ. ಆಕೆ ಹೇಳುತ್ತಿದ್ದಳು, ಎಲ್ಲರೂ ಕೇಳುತ್ತಿದ್ದರು. ಎಷ್ಟೋ ಸಲ ಕೇಳಿದ ಕಥೆ ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ರೊಟ್ಟಿ ಮುರಿದು ಬಾಯಿಗಿಟ್ಟೆ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಆಕೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಹೇಳದೆ ಬಂದೆ.

"ಹೇಳಿದೇನು?" ಸಾಹೇಬರು ಕೇಳಿದರು.

"ಇಲ್ರಿ."

"ಹೇಳಬೇಕಾಗ್ತದ. ಇವತ್ತಿಲ್ಲ ಅಂದ್ರ ನಾಳಿ" ಅಂದರು. ಮುಂದಿನ ಚುನಾವಣೆಗೆ ಮೊದಲೇ ಅವರು ನಿವೃತ್ತರಾದರು. ಹೊರಡುವ ದಿನ ತಮ್ಮ ಕೆಂಪು ಪೆನ್ಸಿಲು ನನ್ನ ಮೇಜಿನ ಮೇಲಿಟ್ಟು ಹೋದರು. ಈಗ ಅವರಿಲ್ಲ. ಅವರ ಹಾಗೆ ಬೈಯುವವರೂ ನನಗೆ ಮತ್ತೆ ಸಿಗಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ಮತ್ತೆ ಚುನಾವಣೆ ಬಂತು. ನಾನು ಆಗ ಮಾನ್ವಿಗೆ ವರ್ಗವಾಗಿದ್ದೆ. ಕೈಕಾಲು ಹಿಡಿದು ಅದೇ ಮತಗಟ್ಟೆ ಕೇಳಿಕೊಂಡೆ. ಜನ ಅನುಕೂಲದ ಊರು ಬೇಡಿದರೆ ಇವನು ಗಬ್ಬೂರಿನ ಆಚೆಯ ಊರು ಬೇಡುತ್ತಾನಲ್ಲ ಎಂದು ನಕ್ಕು ಹಾಕಿಕೊಟ್ಟರು. ಈ ಸಲ ಪ್ರತಿಯೊಬ್ಬರ ಹೆಸರು ಗಟ್ಟಿಯಾಗಿ ಓದಿದೆ, ವಯಸ್ಸು ಓದಿದೆ, ಮುಖ ನೋಡಿದೆ.

ಮುದುಕಿ ತಂಗೆವ್ವನ ಕೈಹಿಡಿದು ಬಂದಳು. ಬೆನ್ನು ಬಾಗಿತ್ತು, ಹೊಸ್ತಿಲು ಮುಟ್ಟುವುದಕ್ಕೆ ಈಗ ಹೆಚ್ಚು ಬಗ್ಗಬೇಕಿರಲಿಲ್ಲ. ಇಬ್ಬರ ಹೆಸರೂ ಓದಿದೆ, ಇಬ್ಬರಿಗೂ ಚೀಟಿ ಸಿಕ್ಕಿತು. ತಂಗೆವ್ವ ಪೆಟ್ಟಿಗೆಗೆ ಹಾಕಿ ಹೊರಗೆ ಹೋದಳು. ಮುದುಕಿ ಮಡಚಿದ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಪೆಟ್ಟಿಗೆಯ ಮುಂದೆ ನಿಂತೇ ಇದ್ದಳು.

"ಹಾಕ್ ಯವ್ವಾ" ಅಂದೆ.

"ಲಕೋಟಿ ಎಲ್ಲಿ? ಹ್ವಾದ ಸಲ ಅರಗು ಹಚ್ಚಿ ಕಳಿಸಿದ್ರಿ. ಈ ಸಲ ಎಲ್ಲಾರ ಜೋಡಿ ಹಾಕಂತೀರಿ. ನಾ ಏನ್ ತಪ್ಪ್ ಮಾಡೀನಿ?"

ಸಾಲು ಹಿಂದೆ ಗುಜುಗುಜು ಅನ್ನುತ್ತಿತ್ತು. ಎದ್ದು ಆಕೆಯ ಹತ್ತಿರ ಹೋದೆ.

"ಯವ್ವಾ, ನಿನ್ ತಪ್ಪಲ್ಲ. ನಾ ತಂಗೆವ್ವನ ಹೆಸರು ಹೊಡದಿದ್ದೆ. ಅಕಿ ನಿನ್ನ ಹೆಸರಿನ್ಯಾಗ ಹಾಕಿ ಹ್ವಾದ್ಲು. ಹ್ವಾದ ಸಲ ಲಕೋಟಿಯಾಗ ಇಟ್ಟಿದ್ದು ಎಣಿಸಲಿಲ್ಲ. ಸುಟ್ಟರು. ನಾ ಸುಳ್ಳು ಹೇಳಿದ್ದೆ. ಈ ಪೆಟಗ್ಯಾಗ ಬೀಳಾದೇ ಎಣಿಕಿಗೆ ಬರಾದು."

ಆಕೆ ನನ್ನ ಮುಖವನ್ನೇ ನೋಡಿದಳು. ಸಿಟ್ಟಾಗುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡೆ. ಚೀಟಿ ಹಿಡಿದ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಕೇಳಿದಳು.

"ಅಂದ್ರ, ಹ್ವಾದ ಸಲ ಗೆದ್ದಾಂವ ನನ್ನ ಕೇಳದ ಗೆದ್ದಾನ?"

"ಹೂಂ ಯವ್ವಾ."

"ಮತ್ತ ಅವತ್ತು ನಮ್ ಕಂಬಳಿ ಮ್ಯಾಲ ಕುಂತು ರೊಟ್ಟಿ ತಿಂದೆಲ್ಲ, ಆವಾಗ ಯಾಕ ಹೇಳಲಿಲ್ಲ?"

"ಅಂಜಿದೆ."

"ನನಗಾ?" ಎಂದಳು. ಅದರಲ್ಲಿ ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಿತ್ತು. ತನಗೂ ಒಬ್ಬ ಸರಕಾರದವನು ಅಂಜುತ್ತಾನೆ ಎಂಬುದು ಆಕೆಗೆ ಹೊಸ ಸುದ್ದಿ. ಚೀಟಿಯನ್ನು ಪೆಟ್ಟಿಗೆಯ ಸಂದಿಗೆ ಇಟ್ಟು, ಬೆರಳಿನಿಂದ ಒಳಗೆ ತಳ್ಳಿ, ಮುಚ್ಚಳದ ಮೇಲೆ ಎರಡು ಸಲ ತಟ್ಟಿದಳು.

ಮನೆಗೆ ಹೋಗಲಿಲ್ಲ. ಶಾಲೆಯ ಎದುರಿನ ಬೇವಿನ ಕೆಳಗೆ ಕುಳಿತಳು. ತಂಗೆವ್ವ ಕರೆದರೂ ಏಳಲಿಲ್ಲ. ಸಂಜೆ ಮತದಾನ ಮುಗಿದು, ಪೆಟ್ಟಿಗೆಗೆ ಬಟ್ಟೆ ಸುತ್ತಿ, ಅರಗು ಕಾಯಿಸಿ ಮುದ್ರೆ ಒತ್ತುವಾಗ ಬಾಗಿಲಲ್ಲಿ ಬಂದು ನಿಂತಳು. ಪೆಟ್ಟಿಗೆ ಲಾರಿಗೆ ಏರುವ ತನಕ ಕಣ್ಣು ಕೀಳಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, "ಈ ಸಲ ಎಲ್ಲಾರದಕ್ಕೂ ಅರಗು ಹಚ್ಚಿದಿ ನೋಡು. ಹಿಂಗ ಮಾಡಬೇಕು" ಅಂದಳು. ಹೋಗುವಾಗ ತಿರುಗಿ ನಿಂತು ಇನ್ನೊಂದು ಮಾತು ಹೇಳಿದಳು. "ಇವತ್ತು ಹೆಸರು ಚಲೋ ಓದಿದೆಪಾ. ಬೇವಿನ ಗಿಡದ ತನಕ ಕೇಳತಿತ್ತು."

ಅದೇ ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು. ನಂತರ ನನಗೆ ವರ್ಗದ ಮೇಲೆ ವರ್ಗವಾಯಿತು. ಕೈಬರಹದ ಪಟ್ಟಿ ಹೋಗಿ ಕಂಪ್ಯೂಟರು ಬಂತು, ಮೊಹರು ಹೋಗಿ ಯಂತ್ರದ ಗುಂಡಿ ಬಂತು. ತಪ್ಪು ಕಡಿಮೆಯಾಗಿದೆ, ಕೆಲಸ ಬೇಗ ಆಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಚಾವಡಿಯಲ್ಲಿ ಹೆಸರು ಓದಿದಾಗ ಮೂಲೆಯಿಂದ ಒಬ್ಬರು "ಅದೀನ್ರಿ" ಎಂದು ಕೂಗುತ್ತಿದ್ದರಲ್ಲ, ಆ ಧ್ವನಿಗಾಗಿ ಈಗಲೂ ಜೀವ ಎಳೆಯುತ್ತದೆ. ಹೊಸಬರೇ, ಸುತ್ತೋಲೆ ಹೇಳದಿದ್ದರೂ ಒಂದು ಸಲ ಓದಿ. ಬಸ್ಸು ಹೋದರೆ ಹೋಗಲಿ.

ನಿವೃತ್ತನಾದ ಹೊಸದರಲ್ಲಿ ಒಮ್ಮೆ ಹಳೆಯ ಕಚೇರಿಗೆ ಹೋದಾಗ ಗೆಳೆಯರೊಬ್ಬರು ಆ ಊರಿನ ಹೊಸ ಪಟ್ಟಿ ಕೊಟ್ಟರು. ರಾಯಚೂರಿನ ಮನೆಯ ಪಡಸಾಲೆಯಲ್ಲಿ ಕುಳಿತು, ರೂಢಿಯಂತೆ ಗಟ್ಟಿಯಾಗಿಯೇ ಓದುತ್ತ ಹೋದೆ. ಒಂದು ಕಡೆ ಧ್ವನಿ ನಿಂತಿತು.

ಮಾಳಮ್ಮ, ಗಂಡ ಬೀರಪ್ಪ, ವಯಸ್ಸು ಅರವತ್ತೆರಡು.

ಒಂದು ಕ್ಷಣ ಮುದುಕಿಯೇ ತಿರುಗಿ ಬಂದಳು ಅನ್ನಿಸಿತು. ಕೈ ತಾನೇ ಕೆಂಪು ಪೆನ್ಸಿಲು ಹುಡುಕಿತು. ಆಮೇಲೆ ಬೆರಳು ಮಡಿಸಿ ಎಣಿಸಿದೆ. ನಾನು ಗೆರೆ ಎಳೆದಿದ್ದ ಇಪ್ಪತ್ತಾರರ ತಂಗೆವ್ವ ಈಗ ಅರವತ್ತೆರಡಕ್ಕೆ ಬಂದಿದ್ದಳು. ಆ ಸಾಲನ್ನು ಇನ್ನೊಮ್ಮೆ ಓದಿದೆ, ಬೇವಿನ ಗಿಡದ ತನಕ ಕೇಳುವಷ್ಟು ಗಟ್ಟಿಯಾಗಿ.

ಅಡುಗೆ ಮನೆಯಿಂದ ಹೆಂಡತಿ ಕೇಳಿದಳು. "ಯಾರನ್ನ ಕರಿಯಾಕತ್ತೀರಿ? ಯಾರ್ರೀ ಆಕಿ?"

"ಅದಾಳ" ಅಂದೆ. "ಪಟ್ಟ್ಯಾಗ ಅದಾಳ."